ವ್ಯಾಕ್ಸ್ ಹಾಕುವ ಮೊದಲು ಕಾರಿನ ಪೇಂಟ್‌ಗೆ ಪಾಲಿಶ್ ಬೇಕೋ ಬೇಡವೋ ತಿಳಿಯುವುದು ಹೇಗೆ?

ಹೊಳಪು ನೋಡಿ ತೀರ್ಮಾನ ಮಾಡಬೇಡಿ. ಹಳೇ ವ್ಯಾಕ್ಸ್, ಪಾಲಿಶ್‌ನ ಎಣ್ಣೆ ಸಣ್ಣ ಗೀರುಗಳಲ್ಲಿ ತುಂಬಿಕೊಂಡು ಅವನ್ನು ಮುಚ್ಚಿಟ್ಟಿರುತ್ತವೆ. ನಾಲ್ಕು ಸಲ ತೊಳೆದ ಮೇಲೆ ಅದೇ ಗೀರು ಮತ್ತೆ ಎದ್ದು ಕಾಣುತ್ತದೆ.

ಮೊದಲು ಚೆನ್ನಾಗಿ ತೊಳೆದು ಒರೆಸಿ. ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಮೇಲೆ ಮೆಲ್ಲಗೆ ಸವರಿ. ತರಿತರಿ ಅನಿಸಿದರೆ ಕೊಳೆ ಇನ್ನೂ ಅಂಟಿಕೊಂಡಿದೆ ಅಂತ ಅರ್ಥ. ಮೆತ್ತನೆ ಜೇಡಿಮಣ್ಣಿನ ಮುದ್ದೆಯಂಥ ಕ್ಲೇ ಬಾರ್‌ನಿಂದ, ಜಾರುವ ದ್ರವ ಸಿಂಪಡಿಸಿಕೊಂಡೇ ತೆಗೆಯಿರಿ. ಆಮೇಲೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಈ ಹೆಜ್ಜೆ ನಾನಂತೂ ಬಿಡುವುದೇ ಇಲ್ಲ. ಎಣ್ಣೆ ಹೋದ ಮೇಲೆ ತಾನೇ ಪೇಂಟಿನ ನಿಜಸ್ಥಿತಿ ಕಾಣುವುದು? ಈಗ ಟಾರ್ಚ್ ಓರೆಯಾಗಿ ಹಿಡಿಯಿರಿ. ಬೆಳಕಿನ ಸುತ್ತ ಜೇಡರ ಬಲೆಯಂಥ ಗೆರೆ ಕಂಡರೆ ಪಾಲಿಶ್ ಬೇಕು. ಇಲ್ಲದಿದ್ದರೆ ಸುಮ್ನೆ ಉಜ್ಜಬೇಡಿ.

ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ದಯವಿಟ್ಟು ಹಾಗೇ ಬಿಡಿ. ಪಾಲಿಶ್ ಅಂದರೆ ಬಣ್ಣದ ಮೇಲಿರುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್ ಸವೆಸುವುದು, ಅಲ್ವಾ? ಅದರ ದಪ್ಪ ಸಾಮಾನ್ಯವಾಗಿ ಸುಮಾರು 40–50 ಮೈಕ್ರಾನ್ ಅಷ್ಟೇ.

ಒಂದಡಿ ಜಾಗದಲ್ಲಿ ನಯವಾದ ಪಾಲಿಶ್‌ನಿಂದ ಶುರು ಮಾಡಿ. ಮತ್ತೆ ಆಲ್ಕೋಹಾಲ್‌ನಲ್ಲಿ ಒರೆಸಿ, ಟಾರ್ಚ್ ಬಿಟ್ಟು ನೋಡಿ. ಆಗಲೂ ಗೆರೆ ಕಾಣದಿದ್ದರೆ ಅದೇ ಪಾಲಿಶ್ ಇಡೀ ಕಾರಿಗೆ ಸಾಕು, ವ್ಯಾಕ್ಸ್ ಆಮೇಲೆ.