ಸುದ್ದಿ ನಿಮ್ಮ ಎರಡನೇ ಪುಟದಲ್ಲಿತ್ತು

ಪತ್ರ: ಹಳೆಯ ಲ್ಯಾಪ್‌ಟಾಪ್‌ಗಳನ್ನು ರಿಪೇರಿ ಮಾಡಿ ಮಾರುವ ಸಣ್ಣ ಉದ್ಯಮ ನನ್ನದು. ನಿಮಗೆ ಹಲವು ಸಲ ಪತ್ರಿಕಾ ಪ್ರಕಟಣೆ ಕಳುಹಿಸಿದ್ದೇನೆ. ಒಂದೂ ಅಚ್ಚಾಗಲಿಲ್ಲ. ಜಾಹೀರಾತು ಕೊಟ್ಟವರ ಸುದ್ದಿ ಮಾತ್ರ ಹಾಕುತ್ತೀರಾ? ಪ್ರಚಾರದ ಕೆಲಸ ನೋಡಿಕೊಳ್ಳುವ ಪಿಆರ್ (ಸಾರ್ವಜನಿಕ ಸಂಪರ್ಕ) ಏಜೆನ್ಸಿ ಹಿಡಿಯಲೇಬೇಕಾ?
– ಒಬ್ಬ ಓದುಗರು

ಸಂಪಾದಕರ ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ. ಮೊದಲು ಜಾಹೀರಾತಿನ ಪ್ರಶ್ನೆಗೆ ಉತ್ತರ. ಇಲ್ಲ, ಸುದ್ದಿ ಹಾಕಲು ನಾವು ದುಡ್ಡು ತೆಗೆದುಕೊಳ್ಳುವುದಿಲ್ಲ. ದುಡ್ಡು ಪಡೆದು ಹಾಕಿದ್ದರ ಮೇಲೆ ‘ಜಾಹೀರಾತು’ ಎಂದು ಕಾಣುವಂತೆ ಬರೆದಿರಬೇಕು. ಹಾಗೆ ಬರೆಯದೆ ಅದನ್ನೇ ಸುದ್ದಿ ಅಂತ ಹಾಕುವವರೂ ಇದ್ದಾರೆ. ಅದು ಓದುಗರಿಗೆ ಮಾಡುವ ಮೋಸ. ಇಷ್ಟು ಕೊಟ್ಟರೆ ಸುದ್ದಿ ಬರುತ್ತದೆ ಎಂದು ಯಾರಾದರೂ ಹೇಳಿದರೆ ಅವರ ಸಹವಾಸವೇ ಬೇಡ.

ಇನ್ನು ನಿಮ್ಮ ಪ್ರಕಟಣೆಗಳು. ಹುಡುಕಿ ತೆಗೆಸಿ ಎಲ್ಲವನ್ನೂ ಓದಿದೆ. ಕೊನೆಯದರ ತಲೆಬರಹ ‘ಗ್ರಾಹಕರ ಮನ ಗೆದ್ದ ಸಂಸ್ಥೆ’ ಎಂದಿದೆ. ಮೊದಲ ಪುಟದ ತುಂಬ ಸಂಸ್ಥೆ ಶುರುವಾದ ಕಥೆ, ‘ಅತ್ಯುತ್ತಮ’, ‘ಅಗ್ರಗಣ್ಯ’ ಎಂಬ ಮಾತುಗಳು. ಡೆಸ್ಕಿನಲ್ಲಿ ಕೂತವರು ಇಲ್ಲಿಗೇ ಓದು ನಿಲ್ಲಿಸುತ್ತಾರೆ. ಆದರೆ ಎರಡನೇ ಪುಟದ ಕೊನೆಗೆ ಒಂದು ಸಾಲು ಇದೆ. ಕೆಟ್ಟುಹೋಯಿತು ಎಂದು ಜನ ನಿಮಗೆ ಮಾರುವ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವಕ್ಕೆ ಬೇಕಿದ್ದದ್ದು ಹೊಸ ಬ್ಯಾಟರಿ, ಇಲ್ಲವೇ ಫ್ಯಾನಿನ ಧೂಳು ತೆಗೆಯುವುದು, ಅಷ್ಟೇ ಅಂತ. ಸುದ್ದಿ ಇದೇ ಅಲ್ವಾ! ಮನೆಯಲ್ಲಿ ಲ್ಯಾಪ್‌ಟಾಪ್ ಇರುವ ಯಾರೇ ಆಗಲಿ ಇದನ್ನು ಓದುತ್ತಾರೆ. ಓದಿದವರಿಗೆ ನಿಮ್ಮ ಹೆಸರೂ ನೆನಪಿರುತ್ತದೆ.

ಆ ಸಾಲನ್ನು ಮೇಲಕ್ಕೆ ತನ್ನಿ. ಯಾರು, ಏನು, ಎಲ್ಲಿ, ಯಾವಾಗ ಎನ್ನುವುದು ಮೊದಲ ಪ್ಯಾರಾದಲ್ಲೇ ಮುಗಿಯಲಿ. ಜಾಗ ಕಡಿಮೆ ಬಿದ್ದಾಗ ನಾವು ಕೆಳಗಿನಿಂದ ಕತ್ತರಿಸುತ್ತೇವೆ, ಆದ್ದರಿಂದ ಮುಖ್ಯವಾದದ್ದು ಕೆಳಗಿರಬಾರದು. ‘ಹೆಚ್ಚಿನವು’ ಎಂದು ಬಿಡಬೇಡಿ. ನಿಮ್ಮ ರಿಪೇರಿ ಪುಸ್ತಕ ನೋಡಿ ಲೆಕ್ಕ ಹಾಕಿ, ಎಷ್ಟರಲ್ಲಿ ಎಷ್ಟು, ಯಾವ ಅವಧಿಯಲ್ಲಿ ಎಂದು ಬರೆಯಿರಿ. ನಿಮ್ಮ ಹೇಳಿಕೆ ನೀವು ಎದುರಿಗೆ ಕೂತು ಮಾತಾಡಿದ ಹಾಗಿರಲಿ. ಕೆಳಗೆ ಕೊಡುವ ಫೋನ್ ನಂಬರಿಗೆ ಕರೆ ಬಂದರೆ ವಿಷಯ ಗೊತ್ತಿರುವವರೇ ಎತ್ತಬೇಕು. ಒಂದು ಪುಟ ಸಾಕು. ಎಲ್ಲ ಪತ್ರಿಕೆಗಳಿಗೂ ಒಂದೇ ಮೇಲ್ ಹಾಕುವ ಬದಲು, ಈ ವಿಷಯ ಬರೆಯುವ ವರದಿಗಾರರು ಯಾರೆಂದು ನೋಡಿ ಅವರಿಗೇ ಕಳುಹಿಸಿ.

ಏಜೆನ್ಸಿಯವರಿಗೆ ವರದಿಗಾರರ ಪರಿಚಯ ಇರುತ್ತದೆ, ಬರೆಯುವ ರೂಢಿ ಇರುತ್ತದೆ. ಇಲ್ಲದ ಸುದ್ದಿಯನ್ನು ಅವರೂ ಹುಟ್ಟಿಸಲಾರರು. ಸದ್ಯಕ್ಕೆ ನಿಮಗೆ ಬೇಕಿಲ್ಲ.

ಪ್ರಕಟಣೆ ಎಂದರೆ ಬರೀ ಹೊಗಳಿಕೆ ಎಂಬ ಭಾವನೆ ಹೇಗೆ ಬಂತೋ! ಇದರ ಹುಟ್ಟಿನ ಕಥೆಯೇ ಬೇರೆ. 1906ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿ ಹತ್ತಿರ ರೈಲೊಂದು ಸೇತುವೆಯಿಂದ ನೀರಿಗೆ ಬಿತ್ತು. 50ಕ್ಕೂ ಹೆಚ್ಚು ಜನ ಸತ್ತರು. ಅಪಘಾತಗಳನ್ನು ಮುಚ್ಚಿಡುವುದೇ ಆಗ ರೈಲು ಕಂಪನಿಗಳ ಅಭ್ಯಾಸ. ಪೆನ್ಸಿಲ್ವೇನಿಯಾ ರೈಲ್‌ರೋಡ್ ಎಂಬ ರೈಲು ಕಂಪನಿ ಪರ ಕೆಲಸ ಮಾಡುತ್ತಿದ್ದ, ಹಿಂದೆ ಪತ್ರಕರ್ತನೇ ಆಗಿದ್ದ ಐವಿ ಲೀ ಮಾತ್ರ ನಡೆದದ್ದನ್ನು ಬರೆದು ಪತ್ರಿಕೆಗಳಿಗೆ ಕೊಟ್ಟ. ವರದಿಗಾರರನ್ನು ಸ್ಥಳಕ್ಕೂ ಕರೆಸಿದ. ನ್ಯೂಯಾರ್ಕ್ ಟೈಮ್ಸ್ ಆ ಬರಹವನ್ನು ಇದ್ದ ಹಾಗೇ ಅಚ್ಚು ಹಾಕಿತು. ಮೊದಲ ಪತ್ರಿಕಾ ಪ್ರಕಟಣೆ ಅದೇ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದೇ ವರ್ಷ ಅವನು ಸಂಪಾದಕರಿಗೆ ಇನ್ನೊಂದು ಮಾತೂ ಬರೆದಿದ್ದ: ನಾನು ಕಳುಹಿಸಿದ್ದು ಜಾಹೀರಾತು ವಿಭಾಗಕ್ಕೆ ಹೋಗಬೇಕಾದದ್ದು ಅನ್ನಿಸಿದರೆ ಬಳಸಬೇಡಿ ಎಂದು. ನಾವು ಇವತ್ತಿಗೂ ಪ್ರಕಟಣೆಗಳನ್ನು ಆರಿಸುವುದು ಇದೇ ಪ್ರಶ್ನೆ ಇಟ್ಟುಕೊಂಡು.

ದೊಡ್ಡ ಕಂಪನಿ, ಸಣ್ಣ ಕಂಪನಿ ಎಂಬ ಭೇದ ನಮಗೆ ಬೇಕಿಲ್ಲ. ನಿಮ್ಮಂಥವರ ಅನುಭವ ಓದುಗರಿಗೆ ತಲುಪಲಿ ಎಂದು ನಿಜಕ್ಕೂ ಆಸೆಯಿದೆ. ನಿಮ್ಮ ಪತ್ರವನ್ನು ತಂತ್ರಜ್ಞಾನ ಪುಟದ ವರದಿಗಾರರಿಗೆ ಕೊಟ್ಟಿದ್ದೇನೆ. ಅವರು ರಿಪೇರಿ ಪುಸ್ತಕ ಕೇಳುತ್ತಾರೆ. ಮಾರಿದ ಮೇಲೆ ಕೆಟ್ಟು ವಾಪಸ್ ಬಂದವು ಎಷ್ಟು ಎಂದೂ ಕೇಳುತ್ತಾರೆ. ಎರಡೂ ಲೆಕ್ಕ ತೆಗೆದಿಟ್ಟಿರಿ.