ಟಾರ್ಗೆಟ್ ಬೋರ್ಡಿನ ಲೆಕ್ಕ, ಲೈನಿನ ಕೂಗಾಟ

ಗಾರ್ಮೆಂಟ್ಸ್ ಕಾರ್ಖಾನೆಗಳ ಕೆಲಸದ ವಾತಾವರಣದ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಉತ್ತರಗಳು. ಕೇಳಿದವರ ಹೆಸರು, ಕಾರ್ಖಾನೆಯ ಹೆಸರು ಬಿಟ್ಟಿದ್ದೇವೆ.

ಪ್ರಶ್ನೆ: ನಾನು ಶರ್ಟ್ ಲೈನಿನ ಸೂಪರ್‌ವೈಸರ್. 40 ಟೈಲರ್‌ಗಳಿದ್ದಾರೆ. ಪೀಸ್ ಕಡಿಮೆ ಬಂತೆಂದು ಮೇಲಿನವರು ಗಂಟೆಗೊಮ್ಮೆ ನನ್ನ ಮೇಲೆ ರೇಗುತ್ತಾರೆ, ನಾನು ಟೈಲರ್‌ಗಳ ಮೇಲೆ ರೇಗುತ್ತೇನೆ. ಇದು ತಪ್ಪೆಂದು ಗೊತ್ತು. ಕೂಗದೆ ಪ್ರೊಡಕ್ಷನ್ ತೆಗೆಯುವುದು ಹೇಗೆ? (ಮದ್ದೂರು)

ಉತ್ತರ: ಸಿಟ್ಟಿನ ವಿಚಾರ ಆಮೇಲೆ, ಮೊದಲು ಬೋರ್ಡಿನ ಮೇಲಿರುವ ಅಂಕಿ ನೋಡೋಣ. ಒಂದು ಶರ್ಟಿನ ಸ್ಯಾಮ್, ಅಂದರೆ ಅದನ್ನು ಹೊಲಿಯಲು ಲೆಕ್ಕ ಹಾಕಿ ನಿಗದಿ ಮಾಡಿದ ಸಮಯ, 20 ನಿಮಿಷ ಎಂದಿಟ್ಟುಕೊಳ್ಳಿ. 40 ಜನರ ಒಂದು ಗಂಟೆ ಅಂದರೆ 2,400 ನಿಮಿಷ. 20ರಿಂದ ಭಾಗಿಸಿದರೆ 120 ಪೀಸ್. ಇದು ನೂರಕ್ಕೆ ನೂರು ಎಫಿಷಿಯೆನ್ಸಿಯ ಲೆಕ್ಕ. ನಿಮ್ಮ ಲೈನ್ ಶೇ 55ರಲ್ಲಿ ಓಡುತ್ತಿದ್ದರೆ ಗಂಟೆಗೆ ಬರುವುದು 66. ಹೊಸ ಸ್ಟೈಲ್ ಹಾಕಿದ ಮೊದಲ ದಿನ ಕೈ ಕೂರುವವರೆಗೆ ಶೇ 25–30 ಬಂದರೆ ಅದೇ ಸರಿ, ಅಂದರೆ 30ರಿಂದ 36 ಪೀಸ್. ಆ ದಿನವೂ ಬೋರ್ಡಿನಲ್ಲಿ 80 ಎಂದು ಬರೆದಿದ್ದರೆ ಬೆಳಿಗ್ಗೆ ಮೊದಲ ಗಂಟೆಯಲ್ಲೇ ಜಗಳ ನಿಶ್ಚಿತ. ಯಾರು ಎಷ್ಟೇ ಒಳ್ಳೆಯವರಾಗಿದ್ದರೂ ಆಗುವುದು ಅದೇ. ಸ್ಟೈಲ್ ಬದಲಾದಾಗ ಮೊದಲ ನಾಲ್ಕೈದು ದಿನಕ್ಕೆ ದಿನದಿನಕ್ಕೆ ಏರುವ ಟಾರ್ಗೆಟ್ ಬರೆದುಕೊಡಿ ಎಂದು ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್, ಅಂದರೆ ಕೆಲಸದ ಸಮಯ ಅಳೆದು ಟಾರ್ಗೆಟ್ ಕಟ್ಟುವ) ವಿಭಾಗವನ್ನು ಕೇಳಿ. ಬಾಯಲ್ಲಿ ಹೇಳಿದ್ದು ಸಾಲದು. ಹಾಳೆ ಕೈಯಲ್ಲಿದ್ದರೆ ಮೇಲಿನವರ ಮುಂದೆ ಮಾತಾಡಲು ನಿಮಗೊಂದು ಆಧಾರವಿರುತ್ತದೆ.

ಆಮೇಲೆ ಎಲ್ಲಿ ಕಟ್ಟಿಕೊಂಡಿದೆ ನೋಡಿ. ಶರ್ಟ್ ಲೈನಿನಲ್ಲಿ ಇದು ಹೆಚ್ಚಾಗಿ ಕಾಲರ್ ಅಟ್ಯಾಚ್ ಅಥವಾ ತೋಳು ಕೂರಿಸುವ ಕಡೆ. ಸ್ಟಾಪ್‌ವಾಚ್ ಹಿಡಿದು ಹತ್ತು ಪೀಸ್ ಅಳೆಯಿರಿ, ಸರಾಸರಿ ತೆಗೆಯಿರಿ. ಕಾಲರ್‌ಗೆ 75 ಸೆಕೆಂಡ್ ಹಿಡಿದರೆ ಗಂಟೆಗೆ 48. ದಾರ ತುಂಡಾಗುವುದು, ಬಂಡಲ್ ಬಿಚ್ಚುವುದು, ದಣಿವು ಇವಕ್ಕೆಲ್ಲ ಶೇ 15 ಕಳೆದರೆ ಉಳಿಯುವುದು ಸುಮಾರು 41. ಆ ಮಷೀನ್ ಒಂದೇ ಇರುವವರೆಗೆ ಇಡೀ ಲೈನ್ 41 ದಾಟುವುದಿಲ್ಲ. ಅದರ ಹಿಂದೆ ಬಂಡಲ್ ಗುಡ್ಡೆ ಬೀಳುತ್ತದೆ, ಮುಂದಿನವರು ಕೈ ಕಟ್ಟಿ ಕೂರುತ್ತಾರೆ. ಬೈಗುಳ ತಿನ್ನುವವರು ಮಾತ್ರ ಸಾಮಾನ್ಯವಾಗಿ ಈ ಮುಂದಿನವರೇ, ಯಾಕೆಂದರೆ ಖಾಲಿ ಕೈ ಕಣ್ಣಿಗೆ ಬೀಳುತ್ತದೆ. ಇದು ಲೈನಿನಲ್ಲಿ ನಡೆಯುವ ಅತಿ ದೊಡ್ಡ ಅನ್ಯಾಯ ಎಂದು ನಮ್ಮ ಅಭಿಪ್ರಾಯ. ಅವರ ತಪ್ಪು ಅದರಲ್ಲಿ ಎಳ್ಳಷ್ಟೂ ಇಲ್ಲ. ಅಲ್ಲಿ ಬೇಕಿರುವುದು ಇನ್ನೊಂದು ಮಷೀನ್, ಕಾಲರ್ ಹೊಲಿಯಬಲ್ಲ ಇನ್ನೊಬ್ಬರು, ನಾಚ್ ಗುರುತು (ಎರಡು ತುಂಡು ಕೂಡಬೇಕಾದ ಜಾಗದ ಗುರುತು) ಹಾಕಿಕೊಡಲು ಒಬ್ಬ ಹೆಲ್ಪರ್. ಯಾರಿಗೆ ಯಾವ ಆಪರೇಷನ್ ಬರುತ್ತದೆ ಎಂಬ ಪಟ್ಟಿ ನಿಮ್ಮ ಜೇಬಿನಲ್ಲಿದ್ದರೆ ಹತ್ತು ನಿಮಿಷದಲ್ಲಿ ಜನ ಬದಲಿಸಬಹುದು. ಪ್ರತಿ ಕಷ್ಟದ ಆಪರೇಷನ್‌ಗೆ ಕನಿಷ್ಠ ಮೂವರು ಬಲ್ಲವರಿರಲಿ. ಒಬ್ಬರು ರಜೆ ಹಾಕಿದ ದಿನ ಇದರ ಬೆಲೆ ತಿಳಿಯುತ್ತದೆ.

ಕೂಗಿದಾಗ ಪೀಸ್ ಹೆಚ್ಚಿದಂತೆ ಕಾಣುವುದುಂಟು. ಒಂದೆರಡು ಗಂಟೆ ನಿಜಕ್ಕೂ ಹೆಚ್ಚುತ್ತದೆ. ಆದರೆ ಗಾಬರಿಯ ಕೈಯಲ್ಲಿ ಹೊಲಿಗೆ ತಪ್ಪುತ್ತದೆ, ಸುಕ್ಕು ಬೀಳುತ್ತದೆ, ಸಂಜೆ ಚೆಕಿಂಗ್ ಟೇಬಲ್‌ನಿಂದ ಆಲ್ಟರ್ (ಸರಿಪಡಿಸಬೇಕಾದ ಪೀಸ್) ರಾಶಿ ವಾಪಸ್ ಬರುತ್ತದೆ. ಅದನ್ನು ಬಿಚ್ಚಿ ಮತ್ತೆ ಹೊಲಿಯುವ ಸಮಯ ಯಾವ ಬೋರ್ಡಿನಲ್ಲೂ ಇರುವುದಿಲ್ಲ. ಹಾಗಾಗಿ ಗಂಟೆಯ ಬೋರ್ಡಿನಲ್ಲಿ ಪೀಸ್ ಪಕ್ಕದಲ್ಲೇ ಆಲ್ಟರ್ ಸಂಖ್ಯೆಯನ್ನೂ ಬರೆಸಿ.

ತಪ್ಪು ತೋರಿಸುವಾಗ ಬೆನ್ನ ಹಿಂದಿನಿಂದ ಮಾತಾಡಬೇಡಿ. ಮಷೀನ್ ಸದ್ದಿನಲ್ಲಿ ದನಿ ಏರಿಸಲೇಬೇಕಾಗುತ್ತದೆ, ಏರಿದ ದನಿ ಬೈದಂತೆ ಕೇಳುತ್ತದೆ. ಪಕ್ಕಕ್ಕೆ ಹೋಗಿ, ಹೊಲಿಗೆ ನಿಲ್ಲುವವರೆಗೆ ಕಾದು, ಪೀಸ್ ಕೈಗೆ ಕೊಟ್ಟು ತೋರಿಸಿ: “ಅಕ್ಕಾ, ಇಲ್ಲಿ ಹೊಲಿಗೆ ಜಗ್ಗಿದೆ ನೋಡಿ. ದಾರ ಬಿಗಿಯಾಗಿದೆಯಾ, ಸೂಜಿ ಮೊಂಡಾಗಿದೆಯಾ?” ಕಾರಣ ಎಷ್ಟೋ ಸಲ ಮಷೀನ್‌ನಲ್ಲೇ ಇರುತ್ತದೆ. ‘ನೀನು’, ‘ಏ’ ಬಿಟ್ಟು ‘ನೀವು’ ಅನ್ನಿ. ವಯಸ್ಸಿನಲ್ಲಿ ಚಿಕ್ಕವರಿಗೂ.

ಪ್ರಶ್ನೆ: ನಮ್ಮಲ್ಲಿ ಶೌಚಾಲಯಕ್ಕೆ ಹೋಗಲು ಟೋಕನ್ ತಗೋಬೇಕು. ಲೈನಿಗೆ ಎರಡೇ ಟೋಕನ್. ಅದಕ್ಕೇ ನಾವು ನೀರು ಕುಡಿಯುವುದೇ ಕಡಿಮೆ. ಕೇಳಿದರೆ ಟಾರ್ಗೆಟ್ ಹೋಗುತ್ತೆ ಅಂತಾರೆ. ಏನು ಮಾಡೋದು? (ಟೈಲರ್, ರಾಮನಗರ)

ಉತ್ತರ: ಟಾರ್ಗೆಟ್ ಹೋಗುತ್ತದೆ ಎಂಬ ಮಾತೇ ತಪ್ಪು. ಸ್ಯಾಮ್ ಕಟ್ಟುವಾಗಲೇ ನೀರು, ಶೌಚದಂಥ ಅಗತ್ಯಕ್ಕೆ ಸಮಯ ಸೇರಿಸುತ್ತಾರೆ. ಕೆಲಸ ಅಳೆಯುವವರ ಹಳೆಯ ರೂಢಿಯಲ್ಲಿ ಮಹಿಳೆಯರಿಗೆ ಶೇ 7, ಪುರುಷರಿಗೆ ಶೇ 5, ಅದರ ಮೇಲೆ ದಣಿವಿಗೆಂದು ಶೇ 4. ಎಂಟು ಗಂಟೆಗೆ ಶೇ 7 ಅಂದರೆ ಸುಮಾರು ಅರ್ಧ ಗಂಟೆ. ಆ ಅರ್ಧ ಗಂಟೆ ನಿಮ್ಮದೇ. ಟಾರ್ಗೆಟ್ ಬರೆಯುವ ಮೊದಲೇ ಅದನ್ನು ಲೆಕ್ಕಕ್ಕೆ ಹಿಡಿದಾಗಿದೆ. “ನಮ್ಮ ಸ್ಯಾಮ್‌ನಲ್ಲಿ ಅಲೋವೆನ್ಸ್ ಎಷ್ಟು ಹಿಡಿದಿದ್ದೀರಿ?” ಎಂದು ಕೇಳಿ. ಉತ್ತರ ಕೊಡಬಲ್ಲವರು ಐಇಯವರು.

ಒಬ್ಬರೇ ಕೇಳಬೇಡಿ. ಹತ್ತು ಹದಿನೈದು ಜನ ಸಹಿ ಹಾಕಿ, ಟೋಕನ್ ತೆಗೆದು ಪ್ರತಿ 20 ಜನರಿಗೆ ಎಲ್ಲ ಕೆಲಸ ಬಲ್ಲ ಒಬ್ಬ ಬದಲಿ ಟೈಲರ್ ಕೊಡಿ ಎಂದು ಬರೆದುಕೊಡಿ. ಪ್ರತಿಯ ಮೇಲೆ ತಾರೀಖು ಹಾಕಿಸಿ ಸಹಿ ಪಡೆಯಿರಿ. ‘ತೊಂದರೆ ನಿಲ್ಲಿಸಿ’ ಎಂಬ ಅರ್ಜಿಗಿಂತ ‘ಹೀಗೆ ಮಾಡಿ’ ಎಂಬ ಅರ್ಜಿಗೆ ಬೇಗ ಉತ್ತರ ಬರುತ್ತದೆ. 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕು, ಅದರಲ್ಲಿ ಮಾಲೀಕರ ಕಡೆಯವರೂ ಕಾರ್ಮಿಕರೂ ಸಮ ಸಮ. ಅರ್ಜಿ ಅಲ್ಲಿಗೂ ಹೋಗಲಿ. ಇನ್ನೊಂದು ಮಾತು: ಉರಿಮೂತ್ರ, ಕಿಬ್ಬೊಟ್ಟೆ ನೋವು, ಜ್ವರ ಇದ್ದರೆ ಅರ್ಜಿಯ ಉತ್ತರಕ್ಕೆ ಕಾಯದೆ ಇಎಸ್‌ಐ ಆಸ್ಪತ್ರೆಗೆ ಹೋಗಿ, ನೀರು ಬಿಡಬೇಡಿ.

ಪ್ರಶ್ನೆ: ನಮ್ಮ ದೂರು ಪೆಟ್ಟಿಗೆ ವರ್ಷದಿಂದ ಖಾಲಿ. ಜನ ನೆಮ್ಮದಿಯಾಗಿದ್ದಾರೆ ಅಂತ ಮ್ಯಾನೇಜ್‌ಮೆಂಟ್ ಹೇಳುತ್ತದೆ. ನನಗೆ ನಂಬಿಕೆಯಿಲ್ಲ. (ಎಚ್‌ಆರ್ ಸಿಬ್ಬಂದಿ, ದೊಡ್ಡಬಳ್ಳಾಪುರ)

ಉತ್ತರ: ನಿಮ್ಮ ಅನುಮಾನ ಸರಿ. ನೂರಾರು ಜನರ ಕಾರ್ಖಾನೆಯಲ್ಲಿ ಫ್ಯಾನ್ ಕೆಟ್ಟಿದ್ದರ ಬಗ್ಗೆಯೂ ಒಂದು ಚೀಟಿ ಬಂದಿಲ್ಲವೆಂದರೆ ಜನಕ್ಕೆ ಪೆಟ್ಟಿಗೆಯ ಮೇಲೆ ಭರವಸೆಯಿಲ್ಲ. ಅದು ಎಲ್ಲಿದೆ ನೋಡಿ. ಎಚ್‌ಆರ್ ಬಾಗಿಲ ಪಕ್ಕ ಅಥವಾ ಕ್ಯಾಮೆರಾ ಕೆಳಗಿದ್ದರೆ ಚೀಟಿ ಬೀಳುವುದಿಲ್ಲ. ಮಹಿಳೆಯರ ಶೌಚಾಲಯಕ್ಕೆ ಹೋಗುವ ಓಣಿಗೆ ಸ್ಥಳಾಂತರಿಸಿ. ವಾರಕ್ಕೊಮ್ಮೆ ಗೊತ್ತಾದ ದಿನ ಇಬ್ಬರು ಕಾರ್ಮಿಕ ಪ್ರತಿನಿಧಿಗಳ ಎದುರೇ ಬೀಗ ತೆಗೆಯಿರಿ. ಪ್ರತಿ ಚೀಟಿಗೂ ನಂಬರ್ ಕೊಟ್ಟು, ಏಳು ದಿನದೊಳಗೆ ಏನು ಮಾಡಿದಿರಿ ಎಂದು ನೋಟಿಸ್ ಬೋರ್ಡಿನಲ್ಲಿ ಕನ್ನಡದಲ್ಲಿ, ಒಡಿಶಾ, ಜಾರ್ಖಂಡ್ ಕಡೆಯವರಿದ್ದರೆ ಒಡಿಯಾ, ಹಿಂದಿಯಲ್ಲೂ ಹಾಕಿ. ಆಗದ ಕೆಲಸವಾದರೆ ಆಗದು ಎಂದೇ ಬರೆದು ಕಾರಣ ಕೊಡಿ. ಕೈಬರಹ ನೋಡಿ ಯಾರದೆಂದು ಹುಡುಕಹೊರಟರೆ ಪೆಟ್ಟಿಗೆ ಅಲ್ಲಿಗೇ ಸತ್ತಿತು.

ಲೈಂಗಿಕ ಕಿರುಕುಳದ ದೂರು ಮಾತ್ರ ಈ ಪೆಟ್ಟಿಗೆಯ ದಾರಿಯಲ್ಲಿ ಹೋಗಬಾರದು. 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಕಡ್ಡಾಯ. ಅಧ್ಯಕ್ಷತೆ ಹಿರಿಯ ಮಹಿಳಾ ಉದ್ಯೋಗಿಯದು, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರು, ಒಬ್ಬರು ಹೊರಗಿನವರು. ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು, 90 ದಿನದೊಳಗೆ ವಿಚಾರಣೆ. ಸಕಾರಣವಿದ್ದರೆ ದೂರಿಗೆ ಇನ್ನೂ 3 ತಿಂಗಳು ಕೊಡಬಹುದು. ಬರೆಯಲು ಬಾರದವರಿಗೆ ಬರೆದುಕೊಡುವುದು ಸಮಿತಿಯದೇ ಕೆಲಸ. ಕಾರ್ಖಾನೆಗಳು ಎಡವುವುದು ಇಲ್ಲಿ: ಸಮಿತಿ ಕಾಗದದಲ್ಲಿರುತ್ತದೆ, ಸದಸ್ಯರು ಯಾರೆಂದು ಲೈನಿನಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ. ಸದಸ್ಯರ ಫೋಟೊ, ಫೋನ್ ನಂಬರ್ ಕ್ಯಾಂಟೀನ್ ಗೋಡೆಯ ಮೇಲಿರಲಿ. ಹೊರಗಿನ ಸದಸ್ಯೆಯನ್ನು ವರ್ಷಕ್ಕೊಮ್ಮೆಯಾದರೂ ಫ್ಲೋರಿಗೆ ಕರೆತಂದು ಪರಿಚಯಿಸಿ.

ಪ್ರಶ್ನೆ: ಪೀಣ್ಯದಲ್ಲಿ 18 ಮಷೀನ್‌ಗಳ ಸಣ್ಣ ಯೂನಿಟ್ ನಡೆಸುತ್ತೇನೆ. ಆಯುಧಪೂಜೆ ಜೋರಾಗಿ ಮಾಡುತ್ತೇವೆ, ಸೀರೆ, ಸ್ವೀಟ್ ಬಾಕ್ಸ್ ಕೊಡುತ್ತೇವೆ, ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೆ ಬಸ್ ಮಾಡುತ್ತೇವೆ. ಆದರೂ ಜನ ನಿಲ್ಲುವುದಿಲ್ಲ. (ಮಾಲೀಕರು)

ಉತ್ತರ: ಆಯುಧಪೂಜೆ ಬಿಡಬೇಡಿ, ತಮ್ಮ ಮಷೀನಿಗೆ ಹೂವಿಟ್ಟು ಕುಂಕುಮ ಹಚ್ಚುವ ದಿನ ಟೈಲರ್‌ಗಳಿಗೆ ನಿಜವಾಗಿಯೂ ಪ್ರೀತಿಯದು. ಆದರೆ ಉಳಿದ ದಿನಗಳನ್ನು ನೋಡಿ. ಸಂಬಳ ಪ್ರತಿ ತಿಂಗಳು 7ನೇ ತಾರೀಖಿನೊಳಗೆ ಆಗುತ್ತಿದೆಯೇ? ಓಟಿಗೆ (ಓವರ್‌ಟೈಮ್‌ಗೆ) ಎರಡುಪಟ್ಟು ಕೊಡುತ್ತಿದ್ದೀರಾ, ಇಲ್ಲವೇ ‘ಸ್ವಲ್ಪ ಹೊತ್ತು ಇರಿ’ ಎಂದು ದುಡಿಸಿಕೊಳ್ಳುತ್ತೀರಾ? ಪಿಎಫ್, ಇಎಸ್‌ಐ ಎಂದು ಎಷ್ಟು ಕಡಿತವಾಯಿತೆಂದು ಕನ್ನಡದ ಸಂಬಳ ಚೀಟಿಯಲ್ಲಿದೆಯೇ? 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮ ಬದಲಿಸಲು ಹೊರಟಾಗ ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು, ಕೇಂದ್ರ ಸರ್ಕಾರ ಅದನ್ನು ಕೈಬಿಟ್ಟಿತು. ಆ ಹಣ ಮಗಳ ಮದುವೆ, ಮಗನ ಫೀಸು, ಊರಿನ ಮನೆಯ ಸಾಲ. ಅದರ ಬಗ್ಗೆ ಅಸ್ಪಷ್ಟತೆ ಉಳಿಸಿದ ಕಡೆ ನಂಬಿಕೆ ಬೆಳೆಯುವುದಿಲ್ಲ.

ಇನ್ನು ಬಿಟ್ಟುಹೋದವರ ಪುಸ್ತಕವೊಂದನ್ನು ಇಡಿ: ಸೇರಿದ ತಾರೀಖು, ಬಿಟ್ಟ ತಾರೀಖು, ಯಾರ ಕೈಕೆಳಗಿದ್ದರು, ಕಾರಣ. ಕಾರಣವನ್ನು ಬಿಟ್ಟ ದಿನ ಕೇಳಬೇಡಿ, ಬಾಕಿ ಲೆಕ್ಕ ಚುಕ್ತಾ ಆದಮೇಲೆ ಫೋನ್ ಮಾಡಿ ಕೇಳಿ. ಬಾಕಿ ಹಣ ನಿಮ್ಮ ಕೈಯಲ್ಲಿರುವಾಗ ಯಾರೂ ಸತ್ಯ ಹೇಳುವುದಿಲ್ಲ. ಸೇರಿದ ಮೊದಲ ತಿಂಗಳಲ್ಲೇ ಹೆಚ್ಚು ಜನ ಬಿಡುತ್ತಿದ್ದರೆ ಕಲಿಸುವ ಏರ್ಪಾಟಿನಲ್ಲಿ ದೋಷ, ಒಬ್ಬರ ಕೈಕೆಳಗಿನವರೇ ಬಿಡುತ್ತಿದ್ದರೆ ಉತ್ತರ ಅಲ್ಲೇ ಇದೆ. ಮೇಲೆ ಹೇಳಿದ ಆಂತರಿಕ ಸಮಿತಿ ನಿಮ್ಮ ಯೂನಿಟ್‌ಗೂ ಬೇಕು. ಇಲ್ಲದಿದ್ದರೆ 50,000 ರೂಪಾಯಿವರೆಗೆ ದಂಡವಿದೆ.

ಪ್ರಶ್ನೆ: ಒಡಿಶಾದ ಹುಡುಗಿಯರು ಒಂದು ಕಡೆ, ನಮ್ಮೂರವರು ಒಂದು ಕಡೆ ಕೂರುತ್ತಾರೆ. ಊಟಕ್ಕೂ ಬೇರೆ ಬೇರೆ. ಬೆರೆಸುವುದು ಹೇಗೆ? (ಫ್ಲೋರ್ ಇನ್‌ಚಾರ್ಜ್, ಮೈಸೂರು ರಸ್ತೆ)

ಉತ್ತರ: ಊಟದ ಮೇಜಿನಲ್ಲಿ ಬಲವಂತ ಬೇಡ, ಅದು ಅವರ ಬಿಡುವು. ಲೈನಿನಲ್ಲಿ ಬೆರೆಸಿ. ಹೊಸಬಳನ್ನು ಮೊದಲ ಎರಡು ವಾರ ಅದೇ ಆಪರೇಷನ್ ಮಾಡುವ ಅನುಭವಿ ಕನ್ನಡದ ಟೈಲರ್ ಪಕ್ಕ ಕೂರಿಸಿ, ಕಲಿಸುವವರ ಟಾರ್ಗೆಟ್ ಅಷ್ಟು ದಿನ ಇಳಿಸಿ. ಇಳಿಸದಿದ್ದರೆ ಕಲಿಸುವುದು ಹೊರೆಯಾಗಿ ಸಿಟ್ಟು ಹುಡುಗಿಯ ಮೇಲೆ ತಿರುಗುತ್ತದೆ. ‘ಸೂಜಿ ಮುರಿಯಿತು’, ‘ದಾರ ಮುಗಿಯಿತು’, ‘ಹುಷಾರಿಲ್ಲ’, ‘ಮೆಕ್ಯಾನಿಕ್ ಕರೆಯಿರಿ’ ಇಂಥ ಇಪ್ಪತ್ತು ಮಾತುಗಳನ್ನು ಕನ್ನಡ, ಒಡಿಯಾ ಎರಡರಲ್ಲೂ ಬರೆಸಿ ಮಷೀನ್ ಮೇಲೆ ಅಂಟಿಸಿ. ಸೂಪರ್‌ವೈಸರ್ ಕೂಡ ಒಡಿಯಾದ ಆ ಇಪ್ಪತ್ತು ಮಾತು ಕಲಿಯಲಿ.