ಆ ನರ್ಸ್ ಯಾರು?

ಮಾನ್ಯರೇ,

ಹಿಚ್‌ಕಾಕ್ ಅವರ 'ರಿಯರ್ ವಿಂಡೋ' (1954) ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಬರೆದಿದ್ದೀರಿ: "ನಾಯಕ, ನಾಯಕಿ, ನಿರ್ದೇಶಕ ಎಲ್ಲರ ಹೆಸರೂ ಇದೆ. ಮೂವತ್ತು ವರ್ಷ ನರ್ಸ್ ಆಗಿ ದುಡಿದ ನನಗೆ ಮನಸ್ಸಿನಲ್ಲಿ ಉಳಿದದ್ದು ಆ ನರ್ಸ್. ಅವಳ ಹೆಸರೇ ಇಲ್ಲವಲ್ಲ?" ತಪ್ಪು ನಮ್ಮದೇ. ಅಚ್ಚಿಗೆ ಹೋಗುವ ಮುನ್ನ ಕೊನೆಯ ಸಲ ಓದಿದವನು ನಾನು. ನನಗೂ ಹೊಳೆಯಲಿಲ್ಲ ಎನ್ನುವುದು ಮನಸ್ಸಿಗೆ ಚುಚ್ಚುತ್ತಿದೆ.

ಆ ಪಾತ್ರ ಮಾಡಿದಾಕೆ ಥೆಲ್ಮಾ ರಿಟ್ಟರ್. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು. ಅಲ್ಲಿನ ಬೀದಿಯ ಮಾತಿನ ಧಾಟಿಯೇ ಅವರ ಆಸ್ತಿ. ನಾಟಕ, ಮದುವೆ, ಇಬ್ಬರು ಮಕ್ಕಳು, ರೇಡಿಯೊ ಎಲ್ಲ ಆಗಿ, ಸಿನಿಮಾಕ್ಕೆ ಬಂದಾಗ ವಯಸ್ಸು ನಲವತ್ತು ದಾಟಿತ್ತು. 1947ರ 'ಮಿರಾಕಲ್ ಆನ್ 34ತ್ ಸ್ಟ್ರೀಟ್' ಚಿತ್ರದಲ್ಲಿ ಮಗನಿಗಾಗಿ ಆಟಿಕೆ ಹುಡುಕಿ ಅಲೆದು ದಣಿದ ತಾಯಿಯಾಗಿ ಒಂದೆರಡು ನಿಮಿಷ ಕಾಣಿಸಿಕೊಂಡರು. ತೆರೆಯ ಮೇಲೆ ಅವರ ಹೆಸರನ್ನೂ ಹಾಕಿರಲಿಲ್ಲ. ಆದರೆ 1950ರ 'ಆಲ್ ಅಬೌಟ್ ಈವ್' ಹೊತ್ತಿಗೆ, ನಟಿಯೊಬ್ಬಳ ಬಳಿ ಹೊಸದಾಗಿ ಬಂದ ಹುಡುಗಿಯ ವಿನಯದ ಹಿಂದೆ ಬೇರೇನೋ ಇದೆ ಎಂದು ಎಲ್ಲರಿಗಿಂತ ಮೊದಲು ಮೂಸಿ ಹಿಡಿಯುವ, ಆ ನಟಿಯ ಸಹಾಯಕಿ ಬರ್ಡಿಯ ಪಾತ್ರ ಅವರಿಗೆ ಸಿಕ್ಕಿತು.

ನೀವು ಮೆಚ್ಚಿದ 'ರಿಯರ್ ವಿಂಡೋ' ನರ್ಸ್ ಸ್ಟೆಲ್ಲಾಳನ್ನೇ ನೋಡಿ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತ ನಾಯಕನ ಬೆನ್ನು ತಿಕ್ಕುತ್ತಾ ಅವನ ಮದುವೆ ವಿಚಾರಕ್ಕೆ ಕೈ ಹಾಕುತ್ತಾಳೆ. ಮಾತು ನಿಲ್ಲುವುದಿಲ್ಲ, ಕೈಯೂ ನಿಲ್ಲುವುದಿಲ್ಲ. ಇನ್ನೊಂದು ಬೆಳಿಗ್ಗೆ ಅವನು ತಿಂಡಿಗೆ ಕೂತಾಗ, ಹೆಂಡತಿಯನ್ನು ಕೊಂದನೆಂದು ಅವರು ಶಂಕಿಸುವ ಎದುರು ಮನೆಯವನು ಹೆಣವನ್ನು ಎಲ್ಲಿ ಕತ್ತರಿಸಿರಬಹುದು ಎಂದು ಯೋಚಿಸಿ, ಸ್ನಾನದ ತೊಟ್ಟಿಯಲ್ಲೇ ಇರಬೇಕು, ರಕ್ತ ತೊಳೆಯಲು ಅದೇ ಅನುಕೂಲ ಎನ್ನುತ್ತಾಳೆ. ಅವನ ತುತ್ತು ಬಾಯಿಗೆ ಹೋಗುವುದಿಲ್ಲ. ಅವಳಿಗೆ ಅದು ಬರೀ ಲೆಕ್ಕಾಚಾರ.

ಆದರೆ ನನ್ನನ್ನು ಅಲ್ಲಾಡಿಸಿಬಿಟ್ಟದ್ದು ನಿರ್ದೇಶಕ ಸ್ಯಾಮ್ಯುಯೆಲ್ ಫುಲ್ಲರ್ ಅವರ 'ಪಿಕಪ್ ಆನ್ ಸೌತ್ ಸ್ಟ್ರೀಟ್' (1953). ಅದರಲ್ಲಿ ರಿಟ್ಟರ್ ಅವರ ಪಾತ್ರ ಮೋ, ಬೀದಿಯಲ್ಲಿ ಟೈ ಮಾರುವವಳು. ದುಡ್ಡು ಕೊಟ್ಟರೆ ಪೊಲೀಸರಿಗೆ ಸುದ್ದಿಯನ್ನೂ ಮಾರುತ್ತಾಳೆ. ಕೂಡಿಡುವುದೆಲ್ಲ ತನ್ನ ಸಮಾಧಿಗೆ. ದಿಕ್ಕಿಲ್ಲದವರನ್ನು ಹೂಳುವ ಮಣ್ಣಿಗೆ ತಾನು ಹೋಗಬಾರದು, ಅಷ್ಟೇ ಆಸೆ. ಒಂದು ರಾತ್ರಿ ದಣಿದು ಬಂದು ಗ್ರಾಮಫೋನ್ ಹಚ್ಚುತ್ತಾಳೆ. ಕೋಣೆಯಲ್ಲಿ ಕೊಲೆಗಾರ ಕಾದಿದ್ದಾನೆ. ಚಿತ್ರದ ನಾಯಕನಾದ ಜೇಬುಗಳ್ಳನ ವಿಳಾಸ ಬೇಕು ಅವನಿಗೆ. ಅವಳು ಕಿರುಚುವುದಿಲ್ಲ, ಬೇಡುವುದಿಲ್ಲ. ಸುಸ್ತಾಗಿದೆ, ಗುಂಡು ಹೊಡೆದರೆ ಉಪಕಾರವೇ ಆಯಿತು ಎನ್ನುತ್ತಾಳೆ. ಎಲ್ಲವನ್ನೂ ಮಾರಿದವಳು ಇವನಿಗೆ ಅದನ್ನು ಮಾರುವುದಿಲ್ಲ. ಕ್ಯಾಮೆರಾ ಗ್ರಾಮಫೋನಿನ ಕಡೆ ಸರಿಯುತ್ತದೆ, ಹಾಡು ಮುಗಿಯುತ್ತದೆ, ಗುಂಡಿನ ಸದ್ದು. ರಿಟ್ಟರ್ ಅಲ್ಲಿ ದನಿ ಒಂದಿಷ್ಟೂ ಏರಿಸಿಲ್ಲ. ಆ ದಣಿವು ನಟನೆ ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ.

ಪೋಷಕ ನಟಿಯ ಆಸ್ಕರ್‌ಗೆ ಅವರ ಹೆಸರು ಆರು ಸಲ ಸೂಚಿತವಾಯಿತು, ಅದರಲ್ಲಿ 1950ರಿಂದ 1953ರವರೆಗಿನ ಚಿತ್ರಗಳಿಗೆ ಸತತ ನಾಲ್ಕು ಸಲ. ಒಮ್ಮೆಯೂ ಬರಲಿಲ್ಲ. ರಂಗಭೂಮಿ ಮಾತ್ರ ಕೈಬಿಡಲಿಲ್ಲ: 1958ರಲ್ಲಿ 'ನ್ಯೂ ಗರ್ಲ್ ಇನ್ ಟೌನ್' ಸಂಗೀತ ನಾಟಕಕ್ಕೆ, ಅದೇ ನಾಟಕದ ನಟಿ ಗ್ವೆನ್ ವರ್ಡನ್ ಜೊತೆ ಸಮನಾಗಿ, ಟೋನಿ ಪ್ರಶಸ್ತಿ ಬಂತು. 1969ರ ಫೆಬ್ರುವರಿಯಲ್ಲಿ ತೀರಿಕೊಂಡರು.

ಮೋಳ ಶವಪೆಟ್ಟಿಗೆಯನ್ನು ಆ ದಿಕ್ಕಿಲ್ಲದವರ ಮಣ್ಣಿಗೆ ಹೊರಟ ದೋಣಿಯಿಂದ ಜೇಬುಗಳ್ಳನೇ ಬಂದು ಇಳಿಸಿಕೊಳ್ಳುತ್ತಾನೆ. ಚಿತ್ರ ಸಿಕ್ಕರೆ ತಪ್ಪದೆ ನೋಡಿ, ನೋಡಿ ನನಗೆ ಬರೆಯಿರಿ. ಮುಂದಿನ ಸಂಚಿಕೆಯ ಮೊದಲ ಪುಟದಲ್ಲೇ ತಿದ್ದುಪಡಿ ಹಾಕುತ್ತಿದ್ದೇವೆ: ಸ್ಟೆಲ್ಲಾ ಪಾತ್ರದಲ್ಲಿ ಥೆಲ್ಮಾ ರಿಟ್ಟರ್.

— ಸಂಪಾದಕ